ಲೆಕ್ಕ ಅದೇ ಇರಲಿ, ಹಾಳೆ ಬದಲಾಗಲಿ

ನಾಲ್ಕನೇ ತರಗತಿಯ ಮಗುವಿಗೆ ಲೆಕ್ಕ ಬರುತ್ತಿಲ್ಲ ಅಂದ ಕೂಡಲೇ ಒಂದನೇ ತರಗತಿಯ ಹಾಳೆ ಕೊಟ್ಟು ಮೂಲೆಯಲ್ಲಿ ಕೂರಿಸುವ ರೂಢಿ ನಮ್ಮಲ್ಲಿದೆ. ನನಗದು ಸರಿ ಕಾಣುವುದಿಲ್ಲ. ಪಕ್ಕದವನು ನೂರರ ಲೆಕ್ಕ ಮಾಡುವಾಗ ತಾನು ಮಾವಿನಹಣ್ಣಿನ ಚಿತ್ರ ಎಣಿಸುತ್ತಿದ್ದೇನೆ ಅಂತ ಆ ಮಗುವಿಗೂ ಗೊತ್ತಾಗುತ್ತದೆ, ಅಲ್ವಾ? ನಾನು ಕಾರಟಗಿ ಕಡೆಯ ಸರ್ಕಾರಿ ಶಾಲೆಯಲ್ಲಿ ನಾಲ್ಕು, ಐದನೇ ತರಗತಿಗೆ ಗಣಿತ ಹೇಳುತ್ತೇನೆ. ಲೆಕ್ಕ ಆದಷ್ಟೂ ತರಗತಿಯದ್ದೇ ಇರಬೇಕು, ಕೊಡುವ ರೀತಿ ಮಾತ್ರ ಮಗುವಿಗೆ ತಕ್ಕಂತೆ ಇರಬೇಕು ಅನ್ನುವುದು ನನ್ನ ಪಟ್ಟು.

ಮಗು ಎಲ್ಲಿ ಸಿಕ್ಕಿಕೊಳ್ಳುತ್ತಿದೆ ಅಂತ ಮೊದಲು ನೋಡಿ. ಅದಕ್ಕೊಂದು ಸುಲಭ ದಾರಿ ಇದೆ. ಒಂದೇ ಥರದ ಲೆಕ್ಕವನ್ನು ಮೂರು ಸಲ ಕೊಡಿ: ಒಮ್ಮೆ ಬಾಯಲ್ಲಿ ಹೇಳಿ, ಒಮ್ಮೆ ಕಡ್ಡಿ ಕೊಟ್ಟು, ಒಮ್ಮೆ ಹಾಳೆಯ ಮೇಲೆ. ಬಾಯಲ್ಲಿ ಕೇಳಿದರೆ ಸರಿ ಹೇಳಿ, ಓದಿ ಮಾಡು ಅಂದರೆ ತಪ್ಪಿದರೆ ತೊಡಕು ಓದಿನಲ್ಲಿದೆ. ಕಡ್ಡಿಯಲ್ಲಿ ಬಂದು ಹಾಳೆಯಲ್ಲಿ ತಪ್ಪಿದರೆ ಅಂಕಿ ಬರೆಯುವುದರಲ್ಲೋ ಸಾಲು ಹಿಡಿಯುವುದರಲ್ಲೋ ತೊಡಕಿದೆ. ಕಡ್ಡಿಯಲ್ಲೂ ಬರದಿದ್ದರೆ ಎಷ್ಟು ಅನ್ನುವುದೇ ಇನ್ನೂ ಕೂತಿಲ್ಲ. ಆ ಬುನಾದಿಯನ್ನು ದಿನಾ ಸ್ವಲ್ಪ ಹೊತ್ತು ಬೇರೆಯಾಗಿ ಹಾಕಬೇಕು.

ಇದಕ್ಕೂ ಮೊದಲು ಕಣ್ಣು, ಕಿವಿ ತೋರಿಸಿ. ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಆರೋಗ್ಯ ತಂಡ ಶಾಲೆಗೆ ಬಂದಾಗ ಆ ಮಗುವಿನ ಹೆಸರು ಹೇಳಿ ನೋಡಿಸಿ. ಹಾಜರಿ ಪುಸ್ತಕವನ್ನೂ ತೆಗೆಯಿರಿ. ನಾಟಿ ಹೊತ್ತಲ್ಲಿ, ಹತ್ತಿ ಬಿಡಿಸುವಾಗ ತಪ್ಪಿಸಿಕೊಂಡ ಪಾಠ ಬೇರೆ, ಕಲಿಕೆಯ ತೊಂದರೆ ಬೇರೆ. ಮೂರನೇ ತರಗತಿಯವರೆಗೆ ಆಟವಾಡುತ್ತ ಕಲಿಸುವ ನಲಿಕಲಿ ಪದ್ಧತಿಯ ಕಾರ್ಡಿನಲ್ಲಿ ತನ್ನ ವೇಗಕ್ಕೆ ಹೋಗುತ್ತಿದ್ದ ಮಗು ನಾಲ್ಕಕ್ಕೆ ಬಂದು ಬರೀ ಪುಸ್ತಕ ಕಂಡು ತಬ್ಬಿಬ್ಬಾಗುವುದೂ ಇದೆ.

ಇನ್ನು ತಪ್ಪು ಉತ್ತರಗಳು. ಅವನ್ನು ಗೀಟು ಹೊಡೆದು ಬಿಡಬೇಡಿ, ಓದಿ. 52ರಲ್ಲಿ 38 ಕಳೆದು 26 ಅಂತ ಬರೆದ ಮಗು ಸುಮ್ನೆ ಗೀಚಿಲ್ಲ. ಎರಡರಲ್ಲಿ ಎಂಟು ಹೋಗುವುದಿಲ್ಲ ಅಂತ ಎಂಟರಲ್ಲೇ ಎರಡು ಕಳೆದಿದೆ. ಇಲ್ಲಿ ಕಸಬರಿಗೆ ಕಡ್ಡಿ ತೆಗೆಯಿರಿ. ಹತ್ತು ಹತ್ತರ ಐದು ಕಟ್ಟು, ರಬ್ಬರ್ ಬ್ಯಾಂಡ್ ಹಾಕಿದ್ದು, ಜೊತೆಗೆ ಎರಡು ಬಿಡಿ ಕಡ್ಡಿ.

"ಎಂಟು ಕಡ್ಡಿ ಕೊಡು."

"ಅಕ್ಕೋರ, ಎರಡೇ ಅದಾವ್ರಿ."

"ಹಂಗಾರ ಒಂದು ಕಟ್ಟು ಬಿಚ್ಚು."

ಬಿಚ್ಚಿದರೆ ಹನ್ನೆರಡು ಬಿಡಿ. ಎಂಟು ಕೊಟ್ಟರೆ ನಾಲ್ಕು. ಉಳಿದ ನಾಲ್ಕು ಕಟ್ಟಿನಲ್ಲಿ ಮೂರು ಕೊಟ್ಟರೆ ಒಂದು. 14. ಮಗು ಕಟ್ಟು ಬಿಚ್ಚುವಾಗಲೇ ನೀವು ಹಾಳೆಯಲ್ಲಿ 5 ಹೊಡೆದು 4 ಬರೆಯಿರಿ, 2ರ ಜಾಗದಲ್ಲಿ 12 ಮಾಡಿ. ಕೈ ಮಾಡಿದ್ದನ್ನೇ ಪೆನ್ಸಿಲ್ ಬರೆಯುತ್ತಿದೆ ಅಂತ ಕಾಣಬೇಕು. ಕಡ್ಡಿ ಇವತ್ತು, ಹಾಳೆ ನಾಳೆ ಅಂತ ಬೇರೆ ಮಾಡಿದರೆ ಎರಡೂ ಕೂಡುವುದೇ ಇಲ್ಲ.

ನೂರಾ ಐದನ್ನು 1005 ಅಂತ ಬರೆಯುವವರಿಗೆ ಹಳೇ ಲಗ್ನಪತ್ರಿಕೆ ಸಾಕು. ಅದರ ದಪ್ಪ ಕಾಗದದಲ್ಲಿ 100 ಒಂದು ಉದ್ದ ಚೀಟಿ, 5 ಒಂದು ಸಣ್ಣ ಚೀಟಿ. ಐದನ್ನು ತಂದು ನೂರರ ಕೊನೆಯ ಸೊನ್ನೆಯ ಮೇಲೆ ಇಟ್ಟರೆ 105. ಕೇಳಿದಂತೆ ಬರೆದಿದ್ದು ಎಲ್ಲಿ ತಪ್ಪಿತು ಅಂತ ಮಗುವೇ ನೋಡುತ್ತದೆ.

ಬಿಡಿ, ಹತ್ತು, ನೂರು ಒಂದರ ಕೆಳಗೊಂದು ಬಾರದೆ ಓರೆಯಾಗಿ ಓಡುತ್ತವೆಯೇ? ಚೌಕದ ನೋಟ್‌ಬುಕ್ ಕೊಂಡರೆ ಒಳ್ಳೆಯದು. ಇಲ್ಲದಿದ್ದರೆ ಗೆರೆಯ ನೋಟ್‌ಬುಕ್ಕನ್ನೇ ಅಡ್ಡ ತಿರುಗಿಸಿ. ಗೆರೆಗಳು ನಿಂತು ಕಾಲಂ ಆಗುತ್ತವೆ, ಒಂದು ಕಾಲಮ್ಮಿಗೆ ಒಂದು ಅಂಕಿ. ಕಾಸಿಲ್ಲದ ಉಪಾಯ, ನಾನಂತೂ ಇದನ್ನು ಬಿಡುವುದಿಲ್ಲ. ಬೋರ್ಡಿನಿಂದ ಇಳಿಸಿಕೊಳ್ಳುವುದನ್ನೂ ಈ ಮಕ್ಕಳಿಗೆ ತಪ್ಪಿಸಿ. ಬರೆದುಕೊಳ್ಳುವುದರಲ್ಲೇ ಪಿರಿಯಡ್ ಮುಗಿಯುತ್ತದೆ, ಲೆಕ್ಕ ಹಾಗೇ ಉಳಿಯುತ್ತದೆ.

ಹೇಳಿಕೆ ಲೆಕ್ಕದ್ದೇ ದೊಡ್ಡ ಕಾಟ. 'ರಮೇಶನು 145 ರೂಪಾಯಿ ಬೆಲೆಯ ಬೇಳೆಯನ್ನೂ 230 ರೂಪಾಯಿ ಬೆಲೆಯ ಎಣ್ಣೆಯನ್ನೂ ಖರೀದಿಸಿ 500 ರೂಪಾಯಿಯ ನೋಟನ್ನು ನೀಡಿದರೆ ಅವನಿಗೆ ಮರಳಿ ದೊರೆಯುವ ಮೊತ್ತವೆಷ್ಟು?' ಇಷ್ಟುದ್ದ ವಾಕ್ಯದ ಕೊನೆ ಮುಟ್ಟುವಷ್ಟರಲ್ಲಿ ಬೇಳೆ ಮರೆತಿರುತ್ತದೆ. ನಾನು ಹೀಗೆ ಬರೆದುಕೊಡುತ್ತೇನೆ:

ಬೇಳೆಗೆ 145 ರೂಪಾಯಿ.
ಎಣ್ಣೆಗೆ 230 ರೂಪಾಯಿ.
ಎರಡೂ ಸೇರಿ ಎಷ್ಟು? ____
ರಮೇಶ ಕೊಟ್ಟಿದ್ದು 500ರ ನೋಟು.
ಚಿಲ್ಲರೆ ಎಷ್ಟು ವಾಪಸ್ ಬರಬೇಕು? ____

ಅಂಕಿ ಒಂದೂ ಬದಲಾಗಿಲ್ಲ. 375 ಬಂದ ಮೇಲೆ ಕಳೆಯಲು ತೊಡಕಾದರೆ ಅಂಗಡಿಯವರು ಚಿಲ್ಲರೆ ಕೊಡುವಂತೆ ಮುಂದಕ್ಕೆ ಎಣಿಸಲಿ: 375ಕ್ಕೆ 25 ಸೇರಿದರೆ 400, ಇನ್ನೊಂದು ನೂರು ಸೇರಿದರೆ 500. ಅಲ್ಲಿಗೆ 125. ಈ ದಾರಿಯಲ್ಲಿ ಬಂದ ಉತ್ತರಕ್ಕೂ ಪೂರ್ತಿ ಅಂಕ ಕೊಡಿ.

'ಒಟ್ಟು' ಅಂದರೆ ಕೂಡು, 'ಉಳಿದ' ಅಂದರೆ ಕಳೆ ಅಂತ ಗುರುತು ಹೇಳಿಕೊಡುವವರಿದ್ದಾರೆ. ಬೇಡ. 'ಲತಾ 3 ಪೆನ್ಸಿಲ್ ಕೊಟ್ಟಳು, ಈಗ 5 ಉಳಿದಿವೆ, ಮೊದಲು ಎಷ್ಟಿದ್ದವು?' ಅಂದರೆ ಆ ಗುರುತೇ ಮಗುವನ್ನು ದಾರಿ ತಪ್ಪಿಸುತ್ತದೆ.

ಉಳಿದವರಿಗೆ ಇಪ್ಪತ್ತು ಲೆಕ್ಕವಾದರೆ ಇವರಿಗೆ ಐದಾರು ಸಾಕು. ಮೊದಲನೆಯದನ್ನು ಪೂರ್ತಿ ಬಿಡಿಸಿಕೊಡಿ, ಎರಡನೆಯದನ್ನು ಅರ್ಧ. ಮೂರನೆಯದರಿಂದ ಮಗು ತಾನೇ ಮಾಡಲಿ. ಕೂಡುವುದು, ಕಳೆಯುವುದು ಬೆರೆತಿದ್ದರೆ ಚಿಹ್ನೆಗೆ ಬಣ್ಣ ಹಚ್ಚಿಸಿ. ಗಡಿಯಾರ ನೋಡಿ ಅವಸರ ಮಾಡಬೇಡಿ. ಗುಣಾಕಾರ ಕಲಿಸುವ ದಿನ ಮಗ್ಗಿ ಪಟ್ಟಿ ಎದುರಿಗಿರಲಿ. ಮಗ್ಗಿ ಬಾಯಿಪಾಠಕ್ಕೆ ಬೇರೆ ಹೊತ್ತಿದೆ. ಏಳೆಂಟಲ ಮರೆತರೆ ಏಳ್ನಾಕಲ 28, ಅದರ ಎರಡರಷ್ಟು 56 ಅಂತ ತೋರಿಸಿ.

ಇಷ್ಟೆಲ್ಲ ಮಾಡಿದರೂ ಮಗು ನಿಂತಲ್ಲೇ ನಿಂತರೆ ಅದಕ್ಕೆ ಇಂಥದ್ದೇ ತೊಂದರೆ ಅಂತ ನೀವೇ ಹೆಸರಿಡಲು ಹೋಗಬೇಡಿ. ಬ್ಲಾಕಿನ ಬಿಐಇಆರ್‌ಟಿ ಶಿಕ್ಷಕರಿಗೆ, ಅಂದರೆ ವಿಶೇಷ ಅಗತ್ಯದ ಮಕ್ಕಳಿಗಾಗಿ ಇರುವ ಸಂಪನ್ಮೂಲ ಶಿಕ್ಷಕರಿಗೆ ತಿಳಿಸಿ, ದಿನಾಂಕ ಬರೆದ ಹಳೇ ಹಾಳೆಗಳನ್ನು ತೋರಿಸಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೇಳುವ 21 ಬಗೆಯ ಅಂಗವೈಕಲ್ಯಗಳಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಇದೆ. ಲೆಕ್ಕದ ತೊಡಕಾದ ಡಿಸ್ಕ್ಯಾಲ್ಕುಲಿಯಾ ಅದರಲ್ಲೇ ಬರುತ್ತದೆ. ಪರೀಕ್ಷೆಗೆ ಹೆಚ್ಚಿನ ಸಮಯದಂಥ ಅನುಕೂಲವನ್ನೂ ಅದೇ ಕಾಯ್ದೆ ಹೇಳುತ್ತದೆ. ಹಾಗಾಗಿ ತಂದೆತಾಯಿಗೆ ತಪಾಸಣೆಯ ವಿಷಯ ಹೇಳಲು ಹಿಂಜರಿಯಬೇಡಿ. 'ನಿಮ್ಮ ಹುಡುಗ ದಡ್ಡ ಅಲ್ರಿ, ಅಂವಗ ಬ್ಯಾರೆ ದಾರಿ ಬೇಕು' ಅಂದರೆ ಅವರಿಗೆ ಅರ್ಥವಾಗುತ್ತದೆ.

ಕೊಟ್ಟ ಆಸರೆಯನ್ನು ಒಂದೊಂದಾಗಿ ತೆಗೆಯಿರಿ. ಮಗು ತಾನಾಗಿ ಕಡ್ಡಿ ಮುಟ್ಟುವುದು ಬಿಟ್ಟಾಗ ಕಡ್ಡಿ, ಆಮೇಲೆ ಹೇಳಿಕೆ ಲೆಕ್ಕದ ನಡುವಿನ ಪ್ರಶ್ನೆ. ಅಡ್ಡ ತಿರುಗಿಸಿದ ನೋಟ್‌ಬುಕ್ ಮಾತ್ರ ವರ್ಷಪೂರ್ತಿ ಇದ್ದರೂ ಯಾರಿಗೂ ನಷ್ಟವಿಲ್ಲ.