ಸಭೆಯವರೆಲ್ಲ ಹಾಡಬಲ್ಲ ಕನ್ನಡ ಆರಾಧನಾ ಗೀತೆ: ಕಟ್ಟುವ ಕ್ರಮ

ಕಾಸರಗೋಡು, ಮಂಜೇಶ್ವರದ ಕಡೆ ಮನೆಯಲ್ಲಿ ತುಳು, ಕೊಂಕಣಿ ಇಲ್ಲವೇ ಮಲಯಾಳ ಮಾತಾಡುವವರೂ ಕನ್ನಡದಲ್ಲಿ ಆರಾಧನೆ ಮಾಡುವುದುಂಟು. ಅಂಥ ಸಭೆಗೆ ಹಾಡು ಕಟ್ಟುವವರು ಗಿಟಾರ್ ಹಿಡಿದು ಮೊದಲು ರಾಗ ಹುಡುಕಿ, ಆಮೇಲೆ ಅದಕ್ಕೆ ಮಾತು ತುರುಕಿದರೆ ಹಾಡು ಎಡವುತ್ತದೆ. ಮೊದಲು ಬೈಬಲಿನ ವಚನ, ಆಮೇಲೆ ಮಾತ್ರೆ (ಅಕ್ಷರ ನುಡಿಯಲು ಹಿಡಿಯುವ ಕಾಲದ ಅಳತೆ), ಕೊನೆಗೆ ರಾಗ.

ಬೈಬಲಿನ ಒಂದೇ ಭಾಗ ಆರಿಸಿಕೊಂಡು ಒಂದು ವಾರ ಪ್ರಾರ್ಥನೆಯ ಹೊತ್ತಿಗೆ ಗಟ್ಟಿಯಾಗಿ ಓದಿ. ಉದಾಹರಣೆಗೆ ಮಾರ್ಕ 1:16–20, ಸೀಮೋನ ಮತ್ತು ಅಂದ್ರೆಯ ಬಲೆ ಬಿಟ್ಟು ಯೇಸುವಿನ ಹಿಂದೆ ಹೊರಟ ಭಾಗ. ಬಲೆ ಬಿಡುವುದೆಂದರೆ ಅನ್ನ ಬಿಟ್ಟಂತೆ ಎಂದು ಕಡಲ ಕರೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಆ ವಚನ ನಿಮ್ಮನ್ನು ಎಲ್ಲಿ ತಟ್ಟಿತೋ ಅಷ್ಟನ್ನೇ ಬರೆಯಿರಿ. ಸೃಷ್ಟಿಯಿಂದ ಕ್ರಿಸ್ತನ ಪುನರಾಗಮನದವರೆಗೆ ಎಲ್ಲವನ್ನೂ ಮೂರು ಚರಣಕ್ಕೆ ತುಂಬಿದರೆ ಒಂದೂ ನಾಟುವುದಿಲ್ಲ.

ಈಗ ಮಾತ್ರೆ. ಹ್ರಸ್ವಾಕ್ಷರಕ್ಕೆ 1, ದೀರ್ಘಕ್ಕೆ 2. ಒತ್ತಕ್ಷರದ ಹಿಂದಿನ ಅಕ್ಷರಕ್ಕೂ 2. ಹೀಗೆ ಲೆಕ್ಕ ಹಾಕಿ:

ದಡದಲಿ | ಬಲೆಯನು | ಬಿಟ್ಟೆನು | ದೇವಾ

ಗೆರೆಗಳ ನಡುವಿನ ಪ್ರತಿ ಗಣಕ್ಕೆ 4, ಒಟ್ಟು 16. ಎಂಟು ಎಣಿಕೆಯ ಆದಿತಾಳದ ಎರಡು ಆವರ್ತಕ್ಕೆ (ಸುತ್ತಿಗೆ) ಸರಿಯಾಗಿ ಕೂರುತ್ತದೆ. ಎಳೆಯುವ ಸ್ವರ ಬರುವಲ್ಲಿ ‘ದೇವಾ’ದಂಥ ದೀರ್ಘವೇ ಇರಲಿ. ಹ್ರಸ್ವವನ್ನು ಎಳೆದರೆ ಅರ್ಥವೇ ಕೆಡುತ್ತದೆ: ‘ನಿನ್ನ ಬಲ’ ಎಂದು ಬರೆದದ್ದು ಸಭೆಯ ಬಾಯಲ್ಲಿ ‘ನಿನ್ನ ಬಾಲ’ ಆಗುತ್ತದೆ. ಇಂಗ್ಲಿಷ್, ಮಲಯಾಳ ಹಾಡಿನ ಧಾಟಿಗೆ ಕನ್ನಡ ಕೂರಿಸುವಾಗ ಹೆಚ್ಚಾಗಿ ಆಗುವುದು ಇದೇ. ಬಾಸೆಲ್ ಮಿಶನ್ ಎಂಬ ಕ್ರೈಸ್ತ ಸಂಸ್ಥೆಯ ಪಾದ್ರಿ ಕಿಟ್ಟೆಲ್ ಯೇಸುವಿನ ಕಥೆಯನ್ನು ನಮ್ಮ ಛಂದಸ್ಸಿನಲ್ಲೇ ಬರೆದವರು. 1875ರಲ್ಲಿ ನಾಗವರ್ಮನ ಛಂದೋಗ್ರಂಥವನ್ನು ಮಂಗಳೂರಿನಲ್ಲಿ ಅಚ್ಚು ಹಾಕಿಸಿದರು. ಜರ್ಮನಿಯಿಂದ ಬಂದವರು ಅಷ್ಟು ಶ್ರಮಪಟ್ಟಿರುವಾಗ ನಾವು ಮಾತ್ರೆ ಎಣಿಸಲು ಬೇಸರಪಡಬಾರದು.

ರಾಗ ಹಾಕುವಾಗ ಕೆಳಗಿನ ಪಂಚಮದಿಂದ (ಪ) ಮೇಲಿನ ಷಡ್ಜದೊಳಗೇ (ಸ) ಇರಿ. ಡಿ ಮೇಜರ್ ಒಳ್ಳೆಯ ಶ್ರುತಿ; ಡಿ, ಜಿ, ಎ, ಬಿ ಮೈನರ್ ಕಾರ್ಡ್‌ಗಳೇ ಸಾಕು. ಒಬ್ಬರೇ ಹಾಡುವಾಗ ಶ್ರುತಿ ಏರಿಸಬೇಕೆನಿಸಿದರೆ ಎರಡನೇ ಫ್ರೆಟ್‌ಗೆ ಕ್ಯಾಪೊ (ತಂತಿಗಳನ್ನೆಲ್ಲ ಒತ್ತಿಹಿಡಿಯುವ ಕ್ಲಿಪ್) ಹಾಕಿ. ಅದೇ ಬೆರಳಿಗೆ ಇ ಮೇಜರ್ ಸಿಗುತ್ತದೆ. ಸಭೆ ಜೊತೆಗೂಡುವಾಗ ಅದನ್ನು ತೆಗೆಯಿರಿ, ಇಲ್ಲವಾದರೆ ಹಿಂದಿನ ಸಾಲಿನವರು ಪಲ್ಲವಿಯಲ್ಲೇ ಬಾಯಿ ಮುಚ್ಚುತ್ತಾರೆ. ಮಳೆಗಾಲದಲ್ಲಿ ತೇವಕ್ಕೆ ಗಿಟಾರಿನ ಮರ ಉಬ್ಬಿ ತಂತಿ ಮೇಲೇಳುತ್ತದೆ, ಶ್ರುತಿಯೂ ತಪ್ಪುತ್ತದೆ. ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ ಇಡಿ. ಆರಾಧನೆಗೆ ಹತ್ತು ನಿಮಿಷ ಮುಂಚೆ ಮತ್ತೊಮ್ಮೆ ಶ್ರುತಿ ಮಾಡಿ.

ಪಲ್ಲವಿ ಎರಡೇ ಸಾಲು ಇರಲಿ. ಮಲಯಾಳ ಮಾಧ್ಯಮದಲ್ಲಿ ಓದಿದ ಮಕ್ಕಳಿಗೆ ಸಾಹಿತ್ಯವನ್ನು ಮಲಯಾಳ ಲಿಪಿಯಲ್ಲೂ ಕೊಡಿ. ಪದದ ನಡುವಿನ ಕ, ತ ಅವರ ಬಾಯಲ್ಲಿ ಮೆತ್ತಗಾಗುವುದುಂಟು. ಒಮ್ಮೆ ಸಾಲುಸಾಲಾಗಿ ಹೇಳಿಸಿ ತಿದ್ದಿ. ಹಾಡಿಸುವ ಮೊದಲು ಸಭಾಪಾಲಕರಿಗೆ ಸಾಹಿತ್ಯ ತೋರಿಸಿ: ವಚನ ಹೇಳದ್ದನ್ನು ಪ್ರಾಸಕ್ಕಾಗಿ ಸೇರಿಸಿದ್ದರೆ ಅವರ ಕಣ್ಣಿಗೆ ಬೀಳುತ್ತದೆ. ಮೊದಲ ಭಾನುವಾರ ಪಲ್ಲವಿಯನ್ನಷ್ಟೇ ಕಲಿಸಿ, ಚರಣವನ್ನು ಕ್ವಾಯರ್ ಹಾಡಲಿ. ಮುಂದಿನ ವಾರ ವಾದ್ಯ ನಿಲ್ಲಿಸಿ ಪಲ್ಲವಿ ಹಾಡಿಸಿ. ಜನ ತಡವರಿಸಿದ ಜಾಗವನ್ನು ಗುರುತು ಹಾಕಿಕೊಂಡು ಅಲ್ಲಿನ ಮಾತನ್ನೇ ಬದಲಿಸಿ.