ಮನೆಯ ಗೋಡೆಗೆ ಕದನದ ಚಿತ್ರ: ತೈಲವರ್ಣ ಪ್ರತಿಕೃತಿ ಬರೆಸುವ ಕ್ರಮ

ಹಳೆಯ ಯುದ್ಧಚಿತ್ರವೊಂದರ ತೈಲವರ್ಣ ಪ್ರತಿಕೃತಿಯನ್ನು ಕಲಾವಿದರ ಕೈಯಿಂದಲೇ ಬರೆಸಿ ಮನೆಯಲ್ಲಿ ತೂಗುಹಾಕಬೇಕೆನ್ನುವವರು ಬೆಲೆ ವಿಚಾರಿಸುವುದಕ್ಕೂ ಮೊದಲು ಮೂಲಕೃತಿಯ ಅಳತೆಯನ್ನು ತಿಳಿದುಕೊಳ್ಳಬೇಕು. ಕದನದ ಚಿತ್ರದಲ್ಲಿ ಮುಖ, ಕೈ, ಕುದುರೆ, ಆಯುಧಗಳು ಒತ್ತೊತ್ತಾಗಿ ತುಂಬಿರುತ್ತವೆ. ಅದನ್ನು ಮನೆಯ ಗೋಡೆಗೆ ಹೊಂದುವಂತೆ ಕುಗ್ಗಿಸಿದಾಗ ಇವುಗಳಲ್ಲಿ ಎಷ್ಟು ಉಳಿಯುತ್ತದೆ ಎಂಬುದರ ಮೇಲೆಯೇ ಪ್ರತಿಕೃತಿಯ ಗುಣ ನಿಂತಿದೆ.

ಆಲ್‌ಬ್ರೆಕ್ಟ್ ಆಲ್ಟ್‌ಡಾರ್ಫರ್ 1529ರಲ್ಲಿ ಬರೆದ, ಇಸ್ಸಸ್‌ನಲ್ಲಿ ಅಲೆಕ್ಸಾಂಡರ್ ಮಾಡಿದ ಯುದ್ಧದ ಚಿತ್ರ ಈಗ ಮ್ಯೂನಿಕ್‌ನ ಆಲ್ಟೆ ಪಿನಾಕೊಥೆಕ್ ಸಂಗ್ರಹಾಲಯದಲ್ಲಿದೆ. ಸುಮಾರು 158 ಸೆಂ.ಮೀ. ಎತ್ತರ, 120 ಸೆಂ.ಮೀ. ಅಗಲದ ಆ ಹಲಗೆಯ ಮೇಲೆ ಲೆಕ್ಕವಿಲ್ಲದಷ್ಟು ಸೈನಿಕರು ಒಬ್ಬೊಬ್ಬರಾಗಿ ಕಾಣುತ್ತಾರೆ. ಅದನ್ನು ಎರಡಡಿಗೆ ಇಳಿಸಿದರೆ ಉಳಿಯುವುದು ಆಕಾಶ ಮತ್ತು ಇರುವೆಯ ಸಾಲು ಮಾತ್ರ. ಎಲಿಜಬೆತ್ ಥಾಂಪ್ಸನ್, ಅಂದರೆ ಲೇಡಿ ಬಟ್ಲರ್, 1881ರಲ್ಲಿ ಬರೆದ ‘ಸ್ಕಾಟ್ಲೆಂಡ್ ಫಾರೆವರ್!’ ಚಿತ್ರದ ಸಂಗತಿ ಬೇರೆ. 1815ರ ವಾಟರ್ಲೂ ಕದನದಲ್ಲಿ ಸ್ಕಾಟ್ಸ್ ಗ್ರೇಸ್ ಅಶ್ವದಳ ಮುನ್ನುಗ್ಗಿದ ದೃಶ್ಯವದು. ಬೂದುಬಣ್ಣದ ಕುದುರೆಗಳು ನೇರವಾಗಿ ನೋಡುಗರ ಮೇಲೆಯೇ ನುಗ್ಗಿ ಬರುತ್ತಿರುವುದರಿಂದ ಮುಂದಿನ ಸಾಲಿನ ತಲೆಗಳು ದೊಡ್ಡದಾಗಿವೆ. ಅರ್ಧಕ್ಕೆ ಇಳಿಸಿದರೂ ಅವುಗಳ ಬಿರುಸು ಕುಂದುವುದಿಲ್ಲ. ಮಳೆಯಿಂದ ನೆನೆದಿದ್ದ ಆ ನೆಲದಲ್ಲಿ ದಳ ನಿಜವಾಗಿ ಇಂಥ ನಾಗಾಲೋಟದಲ್ಲಿ ಹೋಗಿರಲಿಲ್ಲ ಎನ್ನುತ್ತಾರೆ ಇತಿಹಾಸಕಾರರು. ಆದರೆ ಎದುರಿನಿಂದ ಬರುವ ಕುದುರೆಯನ್ನು ಇಷ್ಟು ಬಲವಾಗಿ ಹಿಡಿದ ಚಿತ್ರಗಳು ವಿರಳ. ಮೊದಲ ಸಲ ಪ್ರತಿಕೃತಿ ಬರೆಸುವವರಿಗೆ ನಾನು ಇದನ್ನೇ ಸೂಚಿಸುತ್ತೇನೆ.

ಈ ಚಿತ್ರದ ಮೂಲ ಲೀಡ್ಸ್ ಕಲಾ ಗ್ಯಾಲರಿಯಲ್ಲಿದೆ. ಅಳತೆ ಸುಮಾರು 101.6 × 194.3 ಸೆಂ.ಮೀ., ಅಂದರೆ ಎತ್ತರದ ಎರಡು ಪಟ್ಟಿಗೆ ತುಸು ಕಡಿಮೆ ಅಗಲ. ಮಾರಾಟಗಾರರು ತಮ್ಮಲ್ಲಿ ಸಿದ್ಧವಿರುವ 24 × 36 ಇಂಚಿನ ಅಳತೆಯನ್ನೇ ಒಪ್ಪಿಸಲು ನೋಡುವುದುಂಟು. 24 ಇಂಚು ಎತ್ತರಕ್ಕೆ ಈ ಚಿತ್ರ ಸುಮಾರು 46 ಇಂಚು ಅಗಲವಿರಬೇಕಾದ್ದರಿಂದ, ಅದನ್ನು ಒಪ್ಪಿದರೆ ಎರಡೂ ಬದಿಯ ಸವಾರರು ಸೇರಿ ಚಿತ್ರದ ಐದನೇ ಒಂದು ಭಾಗಕ್ಕಿಂತ ಹೆಚ್ಚು ಕತ್ತರಿಸಿಹೋಗುತ್ತದೆ. ಮೂಲದ ಅನುಪಾತವನ್ನು ಕೆಡಿಸಬಾರದೆಂದು ಬರವಣಿಗೆಯಲ್ಲೇ ತಿಳಿಸಬೇಕು. ಕ್ಯಾನ್ವಾಸನ್ನು ಚೌಕಟ್ಟಿಗೆ ಮಡಿಚಿ ಬಿಗಿಯಲು ನಾಲ್ಕೂ ಕಡೆ ಐದಾರು ಸೆಂ.ಮೀ. ಖಾಲಿ ಅಂಚು ಬಿಡಿಸುವುದನ್ನೂ ಮರೆಯಬಾರದು.

ಲೇಡಿ ಬಟ್ಲರ್ ತೀರಿಕೊಂಡದ್ದು 1933ರಲ್ಲಿ. ಭಾರತದಲ್ಲಿ ಕಲಾವಿದರ ಮರಣಾನಂತರ 60 ವರ್ಷಗಳವರೆಗೆ ಇರುವ ಹಕ್ಕುಸ್ವಾಮ್ಯದ ಅವಧಿ ಮುಗಿದಿರುವುದರಿಂದ ನಕಲಿಗೆ ಅಡ್ಡಿಯಿಲ್ಲ. ಆದರೂ ಮೂಲ ಕಲಾವಿದೆಯ ಸಹಿಯನ್ನು ನಕಲಿಸದೆ, ಕ್ಯಾನ್ವಾಸಿನ ಹಿಂಬದಿಯಲ್ಲಿ ‘ಪ್ರತಿಕೃತಿ’ ಎಂದು ಬರೆಸುವುದು ಪ್ರಾಮಾಣಿಕವಾದ ಕ್ರಮ. ಲೂವ್ರ್ ಸಂಗ್ರಹಾಲಯದಲ್ಲಿ ಕುಳಿತು ನಕಲು ಮಾಡುವವರು ಮೂಲದ ಅಳತೆಯನ್ನೂ ಸಹಿಯನ್ನೂ ಯಥಾವತ್ತಾಗಿ ಬಳಸುವಂತಿಲ್ಲ.

ಕೆಲಸ ಆರಂಭವಾದ ಮೇಲೆ ಮೂರು ಹಂತಗಳಲ್ಲಿ ಫೋಟೊ ಕೇಳಿ ನೋಡಬೇಕು. ಮೊದಲನೆಯದು ಚೌಕಳಿ ಹಾಕಿ ಮೂಡಿಸಿದ ರೇಖಾಚಿತ್ರ. ಕಾಲುಗಳ ಸ್ಥಾನ ತಪ್ಪಿದ್ದರೆ ತಿದ್ದಲು ಸುಲಭವಾಗುವುದು ಇಲ್ಲಿಯೇ. ಎರಡನೆಯದು ಕಂದು ಬಣ್ಣದಲ್ಲಿ ಬೆಳಕು–ನೆರಳು ತುಂಬಿದ ತಳಲೇಪ. ಇದಕ್ಕೆ ಅಂಬರ್ (umber) ಎಂಬ ಕಂದು ಮಣ್ಣಿನ ಬಣ್ಣ ಒಳ್ಳೆಯದು, ಏಕೆಂದರೆ ಅದರಲ್ಲಿರುವ ಮ್ಯಾಂಗನೀಸ್‌ನಿಂದ ಎಣ್ಣೆ ಬೇಗ ಒಣಗುತ್ತದೆ. ತಳದಲ್ಲಿ ಎಣ್ಣೆ ಕಡಿಮೆ, ಮೇಲಿನ ಪದರಗಳಲ್ಲಿ ಹೆಚ್ಚು ಎಂಬ ನಿಯಮ ತಪ್ಪಿದರೆ ಕಾಲಕ್ರಮೇಣ ಮೇಲ್ಪದರ ಬಿರುಕು ಬಿಡುತ್ತದೆ. ಮೂರನೆಯದು ಮುಗಿಯುವ ಮುಂಚಿನ ಹಂತ. ಆಗ ಇಡೀ ಚಿತ್ರವನ್ನು ನೋಡಿ ತೃಪ್ತರಾಗದೆ ಒಂದು ಕುದುರೆಯ ಮುಖವನ್ನು ಹತ್ತಿರದಿಂದ ತೆಗೆದ ಫೋಟೊ ಕೇಳಬೇಕು. ಅವಸರದ ನಕಲಿನಲ್ಲಿ ಮೂಗಿನ ಹೊಳ್ಳೆ ಬರೀ ಕರಿಯ ತೂತಾಗಿರುತ್ತದೆ. ಒಳ್ಳೆಯ ಕೆಲಸದಲ್ಲಿ ಅರಳಿದ ಹೊಳ್ಳೆಯ ಅಂಚಿಗೆ ಬೆಳಕಿನ ಸಣ್ಣ ಗೆರೆಯಿದ್ದು, ಒಳಗೆ ಕೆಂಪು ಬೆರೆತ ಕಂದು ಕಾಣುತ್ತದೆ. ಬೂದು ಮೈಯನ್ನೂ ಹಾಗೆಯೇ ಪರೀಕ್ಷಿಸಬೇಕು. ಬಿಳಿಗೆ ಕಪ್ಪು ಮಾತ್ರ ಬೆರೆಸಿದ ಬೂದು ಸಿಮೆಂಟಿನಂತೆ ಸತ್ತುಹೋಗಿರುತ್ತದೆ. ನೀಲಿ, ಅಂಬರ್‌ಗಳ ಛಾಯೆ ಸೇರಿದಾಗಲೇ ಒಂದು ಕುದುರೆಗೂ ಇನ್ನೊಂದಕ್ಕೂ ವ್ಯತ್ಯಾಸ ಮೂಡುತ್ತದೆ.

ಮುದ್ರಿಸಿದ ಕ್ಯಾನ್ವಾಸಿನ ಮೇಲೆ ಪಾರದರ್ಶಕ ಜೆಲ್ ಬಳಿದು ಕೈಯಿಂದ ಬರೆದ ಚಿತ್ರವೆಂದು ಮಾರುವವರೂ ಇದ್ದಾರೆ. ಚಿತ್ರವನ್ನು ಕಿಟಕಿಯ ಪಕ್ಕ ಓರೆಯಾಗಿ ಹಿಡಿದು ನೋಡಿದರೆ ಗುಟ್ಟು ತಿಳಿಯುತ್ತದೆ: ಕುಂಚದ ಗೆರೆಗಳು ಬಣ್ಣದ ಆಕಾರಗಳನ್ನು ಅನುಸರಿಸದೆ ಎಲ್ಲೆಡೆ ಒಂದೇ ತೆರನಾಗಿ ಹರಿದಿದ್ದರೆ, ಅಥವಾ ಭೂತಗನ್ನಡಿಯಲ್ಲಿ ಮುದ್ರಣದ ಚುಕ್ಕೆಗಳು ಕಂಡರೆ, ಅದು ಕೈಯಿಂದ ಬರೆದದ್ದಲ್ಲ.

ತೈಲವರ್ಣ ಒಣಗುವುದು ನೀರು ಆರಿದಂತಲ್ಲ; ಅಗಸೆ ಎಣ್ಣೆ ಗಾಳಿಯ ಆಮ್ಲಜನಕದೊಂದಿಗೆ ಸೇರಿ ನಿಧಾನವಾಗಿ ಗಟ್ಟಿಯಾಗುತ್ತದೆ. ಮುಟ್ಟಿದರೆ ಅಂಟದ ಸ್ಥಿತಿಗೆ ಬಂದ ಮೇಲೆಯೇ, ಬಣ್ಣದ ಬದಿ ಹೊರಕ್ಕಿರುವಂತೆ ಅಗಲವಾದ ಕೊಳವೆಗೆ ಸುತ್ತಿ ಕಳುಹಿಸಬೇಕು. ಕೊನೆಯ ವಾರ್ನಿಷ್‌ಗೆ ಆರು ತಿಂಗಳಿಂದ ಒಂದು ವರ್ಷ ಕಾಯುವುದು ವಾಡಿಕೆ. ಮಲೆನಾಡು, ಕರಾವಳಿಯ ಮನೆಗಳಲ್ಲಿ ಮಳೆಗಾಲದ ತೇವ ಹೀರುವ ಹೊರಗೋಡೆಯನ್ನು ಬಿಟ್ಟು ಒಳಗೋಡೆಯನ್ನು ಆರಿಸಿಕೊಳ್ಳಬೇಕು. ಫ್ರೇಮಿನ ಹಿಂದೆ ಕೆಳಮೂಲೆಗಳಿಗೆ ಬೆಂಡಿನ ತುಂಡು ಅಂಟಿಸಿದರೆ ಗಾಳಿಯಾಡಿ ಬೂಷ್ಟು ಹಿಡಿಯುವುದು ತಪ್ಪುತ್ತದೆ. ಧೂಳನ್ನು ಒಣಗಿದ ಮೃದು ಕುಂಚದಿಂದಷ್ಟೇ ತೆಗೆಯಬೇಕು, ಒದ್ದೆ ಬಟ್ಟೆ ಸಲ್ಲದು.

ನಮ್ಮವರಲ್ಲಿ ಕೆಲವರು ಶ್ರೀರಂಗಪಟ್ಟಣದ ದರಿಯಾ ದೌಲತ್ ಬಾಗ್‌ನಲ್ಲಿರುವ ಪೊಲ್ಲಿಲೂರು ಕದನದ ಚಿತ್ರವನ್ನೂ ತೈಲವರ್ಣದಲ್ಲಿ ಬರೆಸಬಯಸುತ್ತಾರೆ. 1780ರಲ್ಲಿ ಹೈದರ್ ಮತ್ತು ಟಿಪ್ಪು ಸೇನೆ ಕರ್ನಲ್ ಬೈಲಿಯ ಪಡೆಯನ್ನು ಸೋಲಿಸಿದ ಆ ದೃಶ್ಯ ಭಿತ್ತಿಚಿತ್ರ. ಅದರ ಸೊಗಸಿರುವುದು ಚಪ್ಪಟೆ ಬಣ್ಣಗಳಲ್ಲಿ, ಸಾಲಾಗಿ ಜೋಡಿಸಿದ ಆಕೃತಿಗಳಲ್ಲಿ. ಅದಕ್ಕೆ ಯುರೋಪಿನ ರೀತಿಯ ನೆರಳು–ಬೆಳಕನ್ನು ತುಂಬಿಸಿದರೆ ಮೂಲದ ಚೆಲುವೇ ಹೋಗುತ್ತದೆ. ಬರೆಸಲೇಬೇಕೆಂದಿದ್ದರೆ ಬೈಲಿ ಪಲ್ಲಕ್ಕಿಯಲ್ಲಿ ಕುಳಿತಿರುವ ಭಾಗವೊಂದನ್ನೇ ಆರಿಸಿಕೊಂಡು, ಹೊಳಪಿಲ್ಲದ ಬಣ್ಣದಲ್ಲಿ, ರೇಖೆಗಳನ್ನು ಉಳಿಸಿಕೊಂಡು ಬರೆಯುವಂತೆ ಕಲಾವಿದರನ್ನು ಕೇಳಿಕೊಳ್ಳಬೇಕು.