ಮುರಿದ ನಿಪ್ಪಲ್ಲಿಗೆ ಎಂ-ಸೀಲ್ ಮೆತ್ತಬೇಡಿ

ಮನೆ ಖಾಲಿ ಮಾಡುವವರ ಹತ್ತಿರ ಗಾರ್ಡನ್ ಪೈಪಿನ ರೀಲು ಅಗ್ಗಕ್ಕೆ ಸಿಗುತ್ತದೆ ಅಂತ ತರುತ್ತೀರಿ, ಸಂತೋಷ. ನಲ್ಲಿಯಿಂದ ನೀರು ಒಳಗೆ ಹೋಗುವ ಕಡೆ ಪ್ಲಾಸ್ಟಿಕ್ ನಿಪ್ಪಲ್, ಅಂದರೆ ಪೈಪು ಸಿಕ್ಕಿಸುವ ಥ್ರೆಡ್ಡಿನ ಚಿಕ್ಕ ಕೊಳವೆ, ಮುರಿದಿರುತ್ತದೆ. ತಕ್ಷಣ ಅದರ ಸುತ್ತ ಎಂ-ಸೀಲ್ ಮೆತ್ತಿಬಿಡುತ್ತೀರಿ! ಅಲ್ರೀ, ರೀಲು ಸುತ್ತುವಾಗ ಆ ಜಾಯಿಂಟು ತಿರುಗಬೇಕಲ್ವಾ? ಅದನ್ನು ಅಂಟಿಸಿ ಕೂರಿಸಿದರೆ ಹ್ಯಾಂಡಲ್ ತಿರುಗಿಸಿದಾಗ ಇನ್ನೊಂದು ಕಡೆ ಬಿರುಕು ಬಿಡುತ್ತದೆ. ಆಮೇಲೆ ರೀಲೇ ಸರಿ ಇಲ್ಲ ಅಂತ ಗುಜರಿಗೆ ಹಾಕುತ್ತೀರಿ.

ಮುರಿದದ್ದನ್ನು ತೆಗೆದು ಹೊಸದು ಹಾಕಬೇಕು, ಅಷ್ಟೇ. ಕಷ್ಟ ಇರುವುದು ಥ್ರೆಡ್ಡಿನೊಳಗೆ ಕಚ್ಚಿಕೊಂಡು ಉಳಿದ ತುಂಡು ತೆಗೆಯುವುದರಲ್ಲಿ. ಇಕ್ಕಳ ಹಾಕಿ ಕಿತ್ತರೆ ಅದು ಪುಡಿಯಾಗುತ್ತದೆ. ಹಿಂದೆ ನಮ್ಮ ಬೀದಿಯಲ್ಲಿ ರೇಡಿಯೋ ರಿಪೇರಿ ಮಾಡುವವರೊಬ್ಬರಿದ್ದರು. ಅವರು ಮಾಡುತ್ತಿದ್ದುದನ್ನು ನೋಡಿ ಕಲಿತದ್ದು ಹೇಳುತ್ತೇನೆ, ಕೇಳಿ.

ಬೋರ್‌ವೆಲ್ ನೀರಾದರೆ ಅಲ್ಲಿ ಬಿಳಿ ಸುಣ್ಣ ಕಟ್ಟಿರುತ್ತದೆ. ಮೊದಲು ನಿಂಬೆರಸದಲ್ಲಿ ಅದ್ದಿದ ಹತ್ತಿ ತುರುಕಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಒರೆಸಿ ಒಣಗಿಸಿ. ಈಗ ಚಪ್ಪಟೆ ಮೂತಿಯ ಹಳೇ ಸ್ಕ್ರೂಡ್ರೈವರ್ ಒಂದು ಬೇಕು. ಮನೆಯವರ ಒಳ್ಳೆಯದನ್ನು ಮುಟ್ಟಬೇಡಿ, ಮಾತು ಕೇಳಬೇಕಾಗುತ್ತದೆ. ಅದರ ಮೂತಿ ತುಂಡಿನ ತೂತಿಗಿಂತ ಚೂರೇ ಚೂರು ಅಗಲ ಇರಬೇಕು. ಜಾಸ್ತಿ ಅಗಲವಾದರೆ ರೀಲಿನ ಥ್ರೆಡ್ಡೇ ಕರಗುತ್ತದೆ. ಮೂತಿಯನ್ನು ಗ್ಯಾಸಿನ ಉರಿಗೆ ಹಿಡಿದು ಕಾಯಿಸಿ. ಕೆಂಪಗಾಗುವ ತನಕ ಬೇಡ. ಹೊಗೆ, ವಾಸನೆ ಬರುತ್ತದೆ, ಹಾಗಾಗಿ ರೀಲನ್ನು ಮೊದಲೇ ಹಿತ್ತಿಲಲ್ಲಿ ಇಟ್ಟುಕೊಂಡಿರಿ. ತೂತಿಗೆ ಅಡ್ಡಲಾಗಿ ನೇರ ಒತ್ತಿ, ಎರಡೂ ಅಂಚು ಪ್ಲಾಸ್ಟಿಕ್ಕಿಗೆ ಇಳಿಯುತ್ತವೆ. ಒಂದು ಉಗುರಿನಷ್ಟು ಇಳಿದರೆ ಸಾಕು. ಈಗ ಕೈ ಅಲ್ಲಾಡಿಸಬೇಡಿ! ಎಲ್ಲರೂ ಕೆಡಿಸುವುದು ಇಲ್ಲೇ. ಬಿಸಿ ಇರುವಾಗಲೇ ತಿರುಗಿಸಿದರೆ ಪಾಕದ ಎಳೆ ಬಂದಹಾಗೆ ಬರುತ್ತದೆ, ತುಂಡು ಅಲ್ಲೇ ಇರುತ್ತದೆ. ಪೂರ್ತಿ ಆರುವ ತನಕ ಹಾಗೇ ಬಿಡಿ, ಹೋಗಿ ಕಾಫಿ ಕುಡಿದು ಬನ್ನಿ. ಆರಿದ ಮೇಲೆ ಪ್ಲಾಸ್ಟಿಕ್ ಮೂತಿಯನ್ನು ಗಟ್ಟಿ ಹಿಡಿದಿರುತ್ತದೆ. ಒತ್ತಿಕೊಂಡೇ ನಿಧಾನ ಎಡಕ್ಕೆ ತಿರುಗಿಸಿ, ತುಂಡು ಸುತ್ತಿಕೊಂಡು ಆಚೆ ಬರುತ್ತದೆ.

ಆ ತುಂಡನ್ನು ಎಸೆಯಬೇಡಿ, ಅಂಗಡಿಗೆ ತೆಗೆದುಕೊಂಡು ಹೋಗಿ. ಅರ್ಧ ಇಂಚೋ ಮುಕ್ಕಾಲು ಇಂಚೋ ಅಂತ ಕಣ್ಣಳತೆಯಲ್ಲಿ ಹೇಳಿದರೆ ಎರಡು ಸಲ ಓಡಾಡುತ್ತೀರಿ. ಹಿತ್ತಾಳೆಯದು ಸಿಕ್ಕರೆ ಒಳ್ಳೆಯದು. ಆದರೆ ಪ್ಲಾಸ್ಟಿಕ್ ರೀಲಿಗೆ ಅದನ್ನು ಸ್ಪ್ಯಾನರ್ ಹಾಕಿ ಬಿಗಿದರೆ ರೀಲೇ ಸೀಳುತ್ತದೆ. ಕೈಯಲ್ಲಿ ಬಿಗಿದು, ಆಮೇಲೆ ಒಂಚೂರು. ಟೆಫ್ಲಾನ್ ಟೇಪನ್ನು ನಿಪ್ಪಲ್ ಬಿಗಿಯುವ ದಿಕ್ಕಿಗೇ ಸುತ್ತಿ, ಉಲ್ಟಾ ಸುತ್ತಿದರೆ ಬಿಚ್ಚಿಕೊಳ್ಳುತ್ತದೆ. ವಾಷರ್ ಕೂರುವ ಕಡೆ ಟೇಪೇ ಬೇಡ.

ತಿರುಗುವ ಜಾಯಿಂಟಿನ ರಬ್ಬರ್ ರಿಂಗು ಗಟ್ಟಿಯಾಗಿದ್ದರೆ ಬದಲಾಯಿಸಿ. ಮೆಷಿನ್ ಎಣ್ಣೆ, ವ್ಯಾಸಲೀನ್ ಹಚ್ಚಬೇಡಿ, ಕೆಲವು ರಬ್ಬರು ಊದಿಕೊಳ್ಳುತ್ತದೆ. ಸಿಲಿಕಾನ್ ಗ್ರೀಸ್ ಚೂರು ಸಾಕು.

ಪೈಪಿನ ತುದಿ ಸಡಿಲವಾಗಿದ್ದರೆ ಅಷ್ಟು ಕತ್ತರಿಸಿ, ಬಿಸಿನೀರಿಗೆ ಅದ್ದಿ, ನಿಪ್ಪಲ್ಲಿಗೆ ತೂರಿಸಿ ಕ್ಲಿಪ್ ಹಾಕಿ. ಗಿಡಕ್ಕೆ ನೀರು ಹಾಕಿ ಮುಗಿದ ಮೇಲೆ ನಲ್ಲಿ ಮುಚ್ಚಿ, ಪೈಪಿನ ತುದಿಯ ನೀರು ಚಿಮ್ಮಿಸುವ ಗನ್ ಒತ್ತಿ ಒಳಗಿನ ನೀರು ಬಿಟ್ಟುಬಿಡಿ. ಇಡೀ ದಿನ ಒತ್ತಡ ಹೊತ್ತುಕೊಂಡು ಬಿಸಿಲಲ್ಲಿ ಕೂತರೆ ಹೊಸ ನಿಪ್ಪಲ್ಲೂ ಬಾಳುವುದಿಲ್ಲ.